ಕ್ರಿಪ್ಟೋ ಪೇಮೆಂಟ್ ವೇದಿಕೆಯಲ್ಲಿ ಅಕೌಂಟ್ ಮತ್ತು ಮರ್ಚೆಂಟ್ ಬೇರೆ ಬೇರೆ ಯಾಕೆ?

ಅಕೌಂಟ್ ಅಂದರೆ ನೀವು. ಲಾಗಿನ್, ಪಾಸ್‌ವರ್ಡ್, ಗುರುತಿನ ದಾಖಲೆ ಎಲ್ಲ ಅದಕ್ಕೆ ಸೇರುತ್ತವೆ. ಮರ್ಚೆಂಟ್ ಅಂದರೆ ಹಣ ಪಡೆಯುವ ನಿಮ್ಮ ಒಂದೊಂದು ವ್ಯವಹಾರ. ಸಾಮಾನ್ಯವಾಗಿ ಒಂದೇ ಅಕೌಂಟಿನ ಕೆಳಗೆ ಹಲವು ಮರ್ಚೆಂಟ್‌ಗಳು ಇರಬಹುದು.

ಎರಡು ವೆಬ್‌ಸೈಟ್ ಇದ್ದರೆ ಎರಡು ಮರ್ಚೆಂಟ್ ಮಾಡಿಕೊಳ್ಳಿ. ಆಗ ಪ್ರತಿಯೊಂದಕ್ಕೂ ತನ್ನದೇ ಎಪಿಐ ಕೀ (ನಿಮ್ಮ ಸೈಟ್ ವೇದಿಕೆಯ ಜೊತೆ ಮಾತಾಡಲು ಬಳಸುವ ಗುಪ್ತ ಸಂಕೇತ), ಹಣ ಬಂದ ಸುದ್ದಿ ಮುಟ್ಟಿಸುವ ವೆಬ್‌ಹುಕ್, ತನ್ನದೇ ಲೆಕ್ಕ. ಒಂದು ಕೀ ಸೋರಿದರೆ ಅದನ್ನಷ್ಟೇ ರದ್ದು ಮಾಡಬಹುದು, ಇನ್ನೊಂದು ಸೈಟ್ ನಿಲ್ಲುವುದಿಲ್ಲ. ನನ್ನ ಪ್ರಕಾರ ಬೇರೆ ಇಡೋದಕ್ಕೆ ಇದೇ ದೊಡ್ಡ ಕಾರಣ.

2017ರಲ್ಲಿ ಶುರುವಾದ, ಬಿಟ್‌ಕಾಯಿನ್ ಪಾವತಿ ಪಡೆಯಲು ಬಳಸುವ ಓಪನ್ ಸೋರ್ಸ್ ತಂತ್ರಾಂಶ ಬಿಟಿಸಿಪೇ ಸರ್ವರ್‌ನಲ್ಲಿ ಮರ್ಚೆಂಟ್ ಜಾಗದಲ್ಲಿ ‘ಸ್ಟೋರ್’ ಇದೆ. ಒಂದು ಸ್ಟೋರಿಗೆ ಹಲವರನ್ನು ಸೇರಿಸಿ, ಯಾರಿಗೆ ಎಷ್ಟು ಅಧಿಕಾರ ಅಂತ ನಿಗದಿ ಮಾಡಬಹುದು. ಸ್ಟೋರಿಗೆ ನಿಮ್ಮ ವಾಲೆಟ್‌ನ ಎಕ್ಸ್‌ಪಬ್ (ಹೊಸ ವಿಳಾಸಗಳನ್ನು ಹುಟ್ಟಿಸಬಲ್ಲ ಸಾರ್ವಜನಿಕ ಕೀ) ಕೊಟ್ಟರೆ, ಪ್ರತಿ ಇನ್‌ವಾಯ್ಸ್‌ಗೂ ಹೊಸ ಬಿಟ್‌ಕಾಯಿನ್ ವಿಳಾಸ ಹುಟ್ಟುತ್ತದೆ. ಯಾವ ಹಣ ಯಾವ ಆರ್ಡರಿನದು ಅಂತ ಗೊತ್ತಾಗೋದು ಹೀಗೆ. ಎಕ್ಸ್‌ಪಬ್ ಒಂದರಿಂದಲೇ ಹಣ ಖರ್ಚು ಮಾಡಲು ಆಗುವುದಿಲ್ಲ. ಖರ್ಚಿಗೆ ಬೇಕಾದ ಖಾಸಗಿ ಕೀ ನಿಮ್ಮ ಹತ್ತಿರವೇ ಇರುತ್ತದೆ.

ಹಣವನ್ನು ವೇದಿಕೆಯೇ ಇಟ್ಟುಕೊಳ್ಳುವ ಕಡೆ ಮಾತ್ರ ಜಾಸ್ತಿ ಎಚ್ಚರ ಬೇಕು. ಇನ್‌ವಾಯ್ಸ್ ಮಾಡುವ ಎಪಿಐ ಕೀಗೆ ಹಣ ಹೊರಗೆ ಕಳಿಸುವ ಅನುಮತಿ ಕೊಡಲೇಬೇಡಿ.