ಒಂದು ಪದಾತಿ ಜಾಸ್ತಿ ಇದ್ದೂ ಡ್ರಾ ಯಾಕೆ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಹನ್ನೆರಡು ವರ್ಷದ ಮಗಳು, ಹತ್ತು ವರ್ಷದ ಎದುರಾಳಿ, ಚೆಸ್ ಟೂರ್ನಿಯ ಕೊನೆಯ ಸುತ್ತು. ಮಗಳ ಹತ್ತಿರ ಒಂದು ಆನೆ, ಒಂದು ಪದಾತಿ. ಆ ಹುಡುಗನ ಹತ್ತಿರ ಬರೀ ಆನೆ. ಆದರೂ 71ನೇ ನಡೆಗೆ ಡ್ರಾ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಎಲ್ಲರ ಎದುರೇ ಬೈದುಬಿಟ್ಟೆ’ ಎಂದು ಬರೆದಿದ್ದೀರಿ. ಬೈದದ್ದು ಸರಿಯೇ ಎಂದೂ ಕೇಳಿದ್ದೀರಿ.

ಸರಿಯಲ್ಲ. ಆ ತುತ್ತು ಕೈಗೆ ಬಂದೇ ಇರಲಿಲ್ಲ.

ನೀವು ಕಳಿಸಿದ ಸ್ಕೋರ್‌ಶೀಟ್ ಇಟ್ಟುಕೊಂಡು ಬೋರ್ಡಿನ ಮೇಲೆ ಆಡಿ ನೋಡಿದೆ. ಆ ಹುಡುಗ ರಾಜನನ್ನು ಪದಾತಿಯ ದಾರಿಗೆ ಅಡ್ಡ ನಿಲ್ಲಿಸಿದ. ಆನೆಯನ್ನು ತನ್ನ ಕಡೆಯಿಂದ ಮೂರನೇ ಸಾಲಿನಲ್ಲಿ ಇಟ್ಟ. ಅಲ್ಲಿದ್ದರೆ ನಿಮ್ಮ ಮಗಳ ರಾಜ ಮುಂದೆ ಬರುವಂತಿಲ್ಲ. ಬೇರೆ ದಾರಿಯಿಲ್ಲದೆ ಅವಳು ಪದಾತಿಯನ್ನು ಆ ಸಾಲಿಗೆ ತಳ್ಳಿದಳು. ತಕ್ಷಣ ಅವನ ಆನೆ ಬೋರ್ಡಿನ ಇನ್ನೊಂದು ತುದಿಗೆ ಓಡಿತು, ಹಿಂದಿನಿಂದ ಚೆಕ್ ಮೇಲೆ ಚೆಕ್. ಅವಳ ರಾಜನಿಗೆ ಅಡಗಲು ಜಾಗವೇ ಉಳಿಯಲಿಲ್ಲ. ಇದು 18ನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ಹೆಸರಿನಲ್ಲಿರುವ ರಕ್ಷಣೆ. ಸರಿಯಾಗಿ ಆಡಿದರೆ ವಿಶ್ವ ಚಾಂಪಿಯನ್ನೂ ಇದನ್ನು ಮುರಿಯಲಾರ. ಅದೇ ಸ್ಥಿತಿ ಮೂರನೇ ಸಲ ಬಂದಾಗ ಡ್ರಾ ಕೇಳಲು ಗಡಿಯಾರ ನಿಲ್ಲಿಸಿ ಆರ್ಬಿಟರ್‌ರನ್ನು (ತೀರ್ಪುಗಾರರನ್ನು) ಕರೆದನಲ್ಲ, ನಿಯಮವೂ ಅವನಿಗೆ ಗೊತ್ತಿತ್ತು. ಹತ್ತು ವರ್ಷದ ಹುಡುಗ! ನನಗಂತೂ ತುಂಬಾ ಖುಷಿಯಾಯಿತು.

ಗೆಲುವು ತಪ್ಪಿದ್ದು ಅದಕ್ಕೂ ಎಷ್ಟೋ ಮೊದಲು, 40ನೇ ನಡೆಯ ಆಸುಪಾಸಿನಲ್ಲಿ. ಆಗ ಇಬ್ಬರ ಹತ್ತಿರವೂ ಸಾಕಷ್ಟು ಪದಾತಿಗಳಿದ್ದವು. ಒಂದು ಪದಾತಿ ಮುಂದಿರುವವರು ದೊಡ್ಡ ಕಾಯಿಗಳನ್ನು ಬದಲಿಸಬೇಕು, ಪದಾತಿಗಳನ್ನು ಉಳಿಸಿಕೊಳ್ಳಬೇಕು. ಅವಳು ಉಲ್ಟಾ ಮಾಡಿದಳು. ಒಂದೊಂದೇ ಪದಾತಿಯನ್ನು ಹೊಡೆದಾಡಿಸಿ ಖಾಲಿ ಮಾಡಿದಳು. ಕಲಿಯಬೇಕಾದ್ದು ಇಷ್ಟೇ, ಇದನ್ನು ಬೈದು ಕಲಿಸೋಕೆ ಆಗಲ್ಲ.

ಹತ್ತು ನಡೆ ಆಡಿ ಸುಮ್ನೆ ಕೈಕುಲುಕಿ ಎದ್ದುಹೋಗುವ ಮಕ್ಕಳ ಡ್ರಾ ನನಗೂ ಇಷ್ಟವಿಲ್ಲ. ಇದು ಅದಲ್ಲ. 2004ರಲ್ಲಿ ರೇಕ್ಯಾವಿಕ್‌ನಲ್ಲಿ ಮುಂದೆ ವಿಶ್ವ ಚಾಂಪಿಯನ್ ಆದ, ಆಗ 13 ವರ್ಷದ ಕಾರ್ಲ್‌ಸನ್ ಮಾಜಿ ವಿಶ್ವ ಚಾಂಪಿಯನ್ ಕ್ಯಾಸ್ಪರೋವ್ ವಿರುದ್ಧ ಮೇಲುಗೈ ಪಡೆದಿದ್ದ. ಆ ಆಟವೂ ಡ್ರಾ ಆಯಿತು. ಗೆಲುವು ಕೈತಪ್ಪಿತು ಅಂತ ಅವನನ್ನು ಯಾರಾದರೂ ಹಳಿಯುತ್ತಾರಾ? ಜನ ಅದನ್ನು ಈಗಲೂ ನೆನೆಯುತ್ತಾರೆ, ಅಲ್ವಾ?

ಮೊದಲು ಮಗಳ ಹತ್ತಿರ ‘ತಪ್ಪಾಯ್ತು’ ಅನ್ನಿ. ಆಮೇಲೆ ಆ ಕೊನೆಯ ಸ್ಥಿತಿಯನ್ನೇ ಬೋರ್ಡಿನ ಮೇಲೆ ಜೋಡಿಸಿ. ಬರೀ ಆನೆ ಇರುವ ಕಡೆ ಅವಳನ್ನು ಕೂರಿಸಿ. ಪದಾತಿ ಇರುವ ಕಡೆ ನೀವು ಕೂತು, ಗೆಲ್ಲಲು ನೋಡಿ.