ಪುಟ್ಟ ಮಕ್ಕಳ ಹಲ್ಲಿನ ಶಸ್ತ್ರಚಿಕಿತ್ಸೆ: ಅರಿವಳಿಕೆ ತಜ್ಞರ ಉತ್ತರ

ಪ್ರಶ್ನೆ: ನಮ್ಮ ಮಗಳಿಗೆ ಮೂರೂವರೆ ವರ್ಷ. ಎಂಟು ಹಲ್ಲು ಹುಳುಕಾಗಿವೆ, ಎರಡರ ಬುಡದಲ್ಲಿ ಕೀವಿದೆ. ಪೂರ್ಣ ಅರಿವಳಿಕೆ ಕೊಟ್ಟು ಒಂದೇ ಸಲಕ್ಕೆ ಎಲ್ಲವನ್ನೂ ಸರಿಪಡಿಸಬೇಕೆಂದು ಮಕ್ಕಳ ದಂತವೈದ್ಯರು ಹೇಳಿದ್ದಾರೆ. ಅರಿವಳಿಕೆಯಿಂದ ಬುದ್ಧಿ ಮಂದವಾಗುತ್ತದೆ ಎಂದು ಮನೆಯ ಹಿರಿಯರು ಹೆದರಿಸುತ್ತಿದ್ದಾರೆ. ಇನ್ನೊಂದು ಕ್ಲಿನಿಕ್ಕಿನವರು, ಆಸ್ಪತ್ರೆಯ ಗೊಡವೆಯೇ ಬೇಡ, ನಿದ್ದೆಯ ಸಿರಪ್ ಕುಡಿಸಿ ಕುರ್ಚಿಯಲ್ಲೇ ಮುಗಿಸುತ್ತೇವೆ ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಬುದ್ಧಿ ಮಂದವಾಗುವ ಭಯದ ಪತ್ರ ನನಗೆ ಬಾರದ ತಿಂಗಳಿಲ್ಲ. ಸಿರಪ್ ಕುಡಿಸಿದ ಮೇಲೆ ಮಗುವಿನ ಉಸಿರನ್ನು ಕಾಯುವವರು ಯಾರು ಎಂದು ಕೇಳಿದ ಪತ್ರ ಮಾತ್ರ ಒಂದೂ ಬಂದಿಲ್ಲ.

ಹಿರಿಯರ ಭಯ ಪೂರ್ತಿ ಆಧಾರವಿಲ್ಲದ್ದಲ್ಲ. ಮುಖ್ಯವಾಗಿ ಎಳೆಯ ಪ್ರಾಣಿಗಳ ಮೇಲೆ ನಡೆದ ಪ್ರಯೋಗಗಳ ಆಧಾರದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2016ರ ಡಿಸೆಂಬರಿನಲ್ಲಿ, 3 ವರ್ಷದೊಳಗಿನ ಮಕ್ಕಳಿಗೆ 3 ಗಂಟೆಗೂ ಹೆಚ್ಚು ಹೊತ್ತು ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವಾಗ ಎಚ್ಚರ ವಹಿಸಬೇಕೆಂದು ಸೂಚಿಸಿತು. ಆದರೆ ಹರ್ನಿಯಾ ಶಸ್ತ್ರಚಿಕಿತ್ಸೆಯಾದ ಹಸುಗೂಸುಗಳನ್ನು ಹಲವು ದೇಶಗಳಲ್ಲಿ ಐದು ವರ್ಷದವರೆಗೆ ಗಮನಿಸಿ, 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಒಂದು ಗಂಟೆ ಪೂರ್ಣ ಅರಿವಳಿಕೆ ಪಡೆದವರಿಗೂ ಎಚ್ಚರವಾಗಿದ್ದೇ ಸೊಂಟದ ಕೆಳಭಾಗಕ್ಕೆ ಮಾತ್ರ ಅರಿವಳಿಕೆ ಪಡೆದವರಿಗೂ ಬುದ್ಧಿಮಟ್ಟದಲ್ಲಿ ವ್ಯತ್ಯಾಸ ಕಾಣಲಿಲ್ಲ. ಎಂಟು ಹಲ್ಲಿನ ಕೆಲಸ ಎರಡು ಗಂಟೆ ಹಿಡಿದೀತು, ಆದ್ದರಿಂದ ಆ ಅಧ್ಯಯನವನ್ನು ತಂದು ಇಲ್ಲಿಗೆ ಹಾಗೆಯೇ ಹೊಂದಿಸಲು ನಾನು ಒಪ್ಪುವುದಿಲ್ಲ. ಆದರೂ ರಾತ್ರಿ ನೋವಿನಿಂದ ನಿದ್ದೆಗೆಟ್ಟು, ಊಟ ಬಿಟ್ಟು, ಪದೇ ಪದೇ ಆಂಟಿಬಯೋಟಿಕ್ ನುಂಗುತ್ತಿರುವ ಮಗುವಿಗೆ ಆಗುತ್ತಿರುವ ಹಾನಿ ಕಣ್ಣೆದುರಿಗೇ ಇದೆ. ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸುವ ನಿಮ್ಮ ವೈದ್ಯರ ಯೋಚನೆ ಸರಿಯಾಗಿಯೇ ಇದೆ.

ಇನ್ನು ಸಿರಪ್. ದಂತವೈದ್ಯರು ಕೆಲಸ ಮಾಡುವ ಜಾಗವೂ ಮಗು ಉಸಿರಾಡುವ ದಾರಿಯೂ ಒಂದೇ. ಡ್ರಿಲ್ಲಿನ ನೀರು, ರಕ್ತ, ಹಲ್ಲಿನ ಚೂರು ಎಲ್ಲವೂ ಗಂಟಲಿನತ್ತ ಜಾರುತ್ತವೆ. ಅದಕ್ಕೇ ಆಪರೇಷನ್ ಥಿಯೇಟರಿನಲ್ಲಿ ಮಾಸ್ಕಿನ ಮೂಲಕ ಸೆವೋಫ್ಲೂರೇನ್ ಎಂಬ ಅರಿವಳಿಕೆ ಔಷಧ ಕೊಟ್ಟು ಮಲಗಿಸಿದ ಮೇಲೆ ಸಾಮಾನ್ಯವಾಗಿ ಮೂಗಿನಿಂದ ಶ್ವಾಸನಾಳಕ್ಕೆ ಟ್ಯೂಬ್ ಇಳಿಸುತ್ತೇವೆ. ಗಂಟಲಿಗೆ ಒದ್ದೆ ಗಾಜ್ ಬಟ್ಟೆಯ ಪಟ್ಟಿ ತುಂಬಿ, ಅದರ ತುದಿಯನ್ನು ಬಾಯಿಯಿಂದ ಹೊರಗೆ ಬಿಟ್ಟು, ಇಟ್ಟದ್ದನ್ನು ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ಬರೆಯುತ್ತೇವೆ, ಏಕೆಂದರೆ ಅದನ್ನು ಮರೆತು ಟ್ಯೂಬ್ ತೆಗೆದರೆ ಮಗುವಿನ ಉಸಿರು ಕಟ್ಟುತ್ತದೆ. ಅಲ್ಲಿಂದ ಮುಂದೆ ನನ್ನ ಕಣ್ಣು ಹೆಚ್ಚಾಗಿ ನೆಟ್ಟಿರುವುದು ಮಾನಿಟರಿನಲ್ಲಿ ಮಗು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ರೇಖೆಯ ಮೇಲೆ. ಉಸಿರು ನಿಂತರೆ ಆ ರೇಖೆ ತಕ್ಷಣ ಚಪ್ಪಟೆಯಾಗುತ್ತದೆ, ಬೆರಳಿಗೆ ಸಿಕ್ಕಿಸಿದ ಯಂತ್ರದ ಆಕ್ಸಿಜನ್ ಅಂಕಿ ಇಳಿಯುವುದು ಆಮೇಲೆ. ಆ ಕ್ಲಿನಿಕ್ಕಿನಲ್ಲಿ ಇವುಗಳಲ್ಲಿ ಎಷ್ಟಿವೆ ಎಂದು ಕೇಳಿ ನೋಡಿ. ಒಂದೇ ಅಳತೆಯ ಸಿರಪ್ಪಿಗೆ ಒಂದು ಮಗು ಕುರ್ಚಿಯಿಂದ ಇಳಿದು ಓಡಿದರೆ ಇನ್ನೊಂದು ಉಸಿರು ಕಟ್ಟುವಷ್ಟು ಗಾಢ ನಿದ್ದೆಗೆ ಜಾರಬಹುದು. ಡ್ರಿಲ್ ಹಿಡಿದವರೇ ಉಸಿರನ್ನೂ ನೋಡಿಕೊಳ್ಳುತ್ತೇವೆ ಎಂದರೆ ಮಗುವನ್ನು ಎತ್ತಿಕೊಂಡು ಹೊರಡಿ. ಒಂದೆರಡು ಹಲ್ಲು ಮಾತ್ರವಿದ್ದು, ಹೇಳಿದ್ದನ್ನು ಕೇಳುವ ಮಗುವಾದರೆ ವಿಷಯ ಬೇರೆ.

ಉಪವಾಸದ ವಿಷಯದಲ್ಲಿ ರಾಜಿಯಿಲ್ಲ. ತಿಂಡಿ, ಹಸುವಿನ ಹಾಲು, ರಾಗಿ ಗಂಜಿ ಇವಕ್ಕೆ 6 ಗಂಟೆ, ಎದೆಹಾಲಿಗೆ 4, ಬರೀ ನೀರಿಗೆ 2. ಹಾಲು ಲಘು ಆಹಾರ ಎಂಬ ವಾದವನ್ನು ನನ್ನ ಮುಂದೆ ಮಂಡಿಸಬೇಡಿ. ಮಗು ಅತ್ತಿತೆಂದು ಅಜ್ಜಿ ಅರ್ಧ ಬಿಸ್ಕತ್ತು ತಿನ್ನಿಸಿದ್ದರೆ ಅದನ್ನು ಮುಚ್ಚಿಡಬೇಡಿ, ದಿನ ಮುಂದೂಡುತ್ತೇವೆ. ಬೈಯಲೂಬಹುದು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯುವುದಕ್ಕಿಂತ ಬೈಸಿಕೊಳ್ಳುವುದು ಮೇಲು.

ಪ್ರಶ್ನೆ: ಹಾಲುಹಲ್ಲು ಹೇಗೂ ಬೀಳುತ್ತದಲ್ಲ, ಇಷ್ಟೆಲ್ಲ ಏಕೆ?

ಉತ್ತರ: ಹಿಂದಿನ ಹಾಲುದವಡೆ ಹಲ್ಲು ಬೀಳುವುದು 10ರಿಂದ 12ನೆಯ ವಯಸ್ಸಿಗೆ. ಅಲ್ಲಿಯವರೆಗೆ ಕೀವನ್ನು ಸಾಕುವುದಾದರೆ ನಿಮ್ಮಿಷ್ಟ.

ಪ್ರಶ್ನೆ: ಜಾತ್ರೆಯಲ್ಲಿ ಒಬ್ಬರು ಹೊಗೆ ಹಾಕಿ ಮಗನ ಹಲ್ಲಿನಿಂದ ಹುಳು ತೆಗೆದು ತೋರಿಸಿದರು. ಇನ್ನೂ ಚಿಕಿತ್ಸೆ ಬೇಕೆ?

ಉತ್ತರ: ಬೇಕು. ಹುಳು ಇದ್ದದ್ದು ಅವರ ಕೈಯಲ್ಲಿ, ಹಲ್ಲಿನಲ್ಲಲ್ಲ.

ಪ್ರಶ್ನೆ: ಚಿಕಿತ್ಸೆಯ ನಂತರ ರಾತ್ರಿ ಮಲಗಿಸುವಾಗ ಬಾಟಲಿ ಹಾಲು ಕೊಡಬಹುದೆ?

ಉತ್ತರ: ಕೂಡದು.

ಪ್ರಶ್ನೆ: ಎಚ್ಚರವಾದ ಮೇಲೆ ಮಗ ನನ್ನ ಗುರುತೂ ಹಿಡಿಯದೆ ಕಿರುಚಾಡಿದ. ಮಿದುಳಿಗೆ ಏನಾದರೂ ಆಗಿದೆಯೆ?

ಉತ್ತರ: ಇಲ್ಲ. ಸೆವೋಫ್ಲೂರೇನ್ ಪಡೆದ ಈ ವಯಸ್ಸಿನ ಮಕ್ಕಳಲ್ಲಿ ಇದು ಸಾಮಾನ್ಯ, ಹೆಚ್ಚಾಗಿ ಅರ್ಧ ಗಂಟೆಯೊಳಗೆ ತಾನಾಗಿ ಇಳಿಯುತ್ತದೆ. ಬೀಳದಂತೆ ಹಿಡಿದುಕೊಳ್ಳಿ, ಅಲುಗಾಡಿಸಿ ಎಬ್ಬಿಸಬೇಡಿ.

ಪ್ರಶ್ನೆ: ಕಷ್ಟಪಟ್ಟು ತಾರೀಖು ಸಿಕ್ಕಿದೆ, ಮಗುವಿಗೆ ಈಗ ಕೆಮ್ಮು ಮತ್ತು ಜ್ವರ. ಹೋಗಬಹುದೆ?

ಉತ್ತರ: ಫೋನ್ ಮಾಡಿ ಮುಂದೂಡಿ. ವಾಸಿಯಾದ ಮೇಲೂ ಕನಿಷ್ಠ ಎರಡು ವಾರ ಕಾಯಿರಿ, ಏಕೆಂದರೆ ಶೀತದಿಂದ ಕೆರಳಿದ ಶ್ವಾಸನಾಳ ಟ್ಯೂಬ್ ತಾಗಿದೊಡನೆ ಬಿಗಿದುಕೊಳ್ಳಬಹುದು. ಜ್ವರದ ಸಿರಪ್ ಕುಡಿಸಿ, ಮೂಗು ಒರೆಸಿ, ಏನೂ ಇಲ್ಲವೆಂದು ಕರೆತರುವವರಿಗೆ ಹೇಳಲು ನನ್ನಲ್ಲಿ ಮರ್ಯಾದೆಯ ಮಾತಿಲ್ಲ.