ಸ್ಪರ್ ಗೇರ್ ಹಲ್ಲುದುರಿದರೆ ತಪ್ಪು ಸ್ಪರ್ ಗೇರಿನದ್ದೇ?

ಪ್ರಶ್ನೆ: ನನ್ನದು ರಿಮೋಟಿನಿಂದ ಓಡಿಸುವ, ನೈಟ್ರೋ ಇಂಧನದ ಪುಟ್ಟ ಮಾನ್‌ಸ್ಟರ್ ಟ್ರಕ್. ಎರಡು ತಿಂಗಳಲ್ಲಿ ಮೂರು ಪ್ಲಾಸ್ಟಿಕ್ ಸ್ಪರ್ ಗೇರ್ ಹಾಳಾದವು. ಸಾಕಾಗಿಹೋಗಿದೆ. ಸ್ಟೀಲ್ ಸ್ಪರ್, ಗಟ್ಟಿ ಕ್ಲಚ್ ಬೆಲ್, ಅಲ್ಯೂಮಿನಿಯಂ ಶೂ ಎಲ್ಲವನ್ನೂ ಒಟ್ಟಿಗೆ ಹಾಕಿಬಿಡೋಣ ಅಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಸ್ವಲ್ಪ ತಡೆಯಿರಿ. ಹೊಸಬರಿಗೆ ಮೊದಲು ಒಂದು ಮಾತು: ಎಂಜಿನ್ ತಿರುಗಿದಾಗ ಕ್ಲಚ್ಚಿನ ಶೂಗಳು ತೆರೆದು ಕ್ಲಚ್ ಬೆಲ್ ಎಂಬ ಬಟ್ಟಲನ್ನು ಒಳಗಿನಿಂದ ಹಿಡಿಯುತ್ತವೆ; ಆ ಬೆಲ್ಲಿನ ಮೇಲಿರುವ ಪುಟ್ಟ ಗೇರೇ ಪಿನಿಯನ್, ಅದು ಕಚ್ಚಿ ತಿರುಗಿಸುವ ದೊಡ್ಡ ಗೇರ್ ಸ್ಪರ್. ಎರಡು ತಿಂಗಳಲ್ಲಿ ಮೂರು ಸ್ಪರ್ ಹೋಗಿವೆ ಅಂದರೆ ಸ್ಪರ್ ಮೇಲೆ ನನಗೆ ಅನುಮಾನವಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಬಾರದು, ಅಲ್ವಾ?

ಹಾಳಾದ ಸ್ಪರ್ ಎಸೆದಿಲ್ಲ ತಾನೆ? ಮೂರನ್ನೂ ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಎಲ್ಲಾ ಹಲ್ಲುಗಳ ತುದಿ ಮಾತ್ರ ಸವೆದು ಮೊಂಡಾಗಿದ್ದರೆ ಪಿನಿಯನ್ನು ಸ್ಪರ್‌ನಿಂದ ದೂರ ಕೂತಿದೆ, ತುದಿಯಲ್ಲಷ್ಟೇ ಕಚ್ಚುತ್ತಿದೆ. ಹಲ್ಲಿನ ಬುಡದಲ್ಲಿ ಕರಗಿದಂಥ ಗುರುತು, ಸುತ್ತ ಪ್ಲಾಸ್ಟಿಕ್ ಪುಡಿ ಇದ್ದರೆ ತೀರಾ ಒತ್ತಿ ಕೂತಿದೆ. ಉಳಿದ ಹಲ್ಲೆಲ್ಲ ಹೊಸದರಂತಿದ್ದು ಒಂದೇ ಕಡೆ ಅರ್ಧಚಂದ್ರದ ಹಾಗೆ ತಿಂದು ಹಾಕಿದ್ದರೆ ಕಥೆ ಬೇರೆ. ಚಕ್ರ ಎಲ್ಲೋ ಸಿಕ್ಕಿಕೊಂಡು ಸ್ಪರ್ ನಿಂತಿದೆ, ಪಿನಿಯನ್ ಮಾತ್ರ ತಿರುಗುತ್ತಾ ಅದೇ ಜಾಗವನ್ನು ಕೆರೆದಿದೆ. ಇಲ್ಲವೇ ನಡುವೆ ಕಲ್ಲು ಹೊಕ್ಕಿದೆ.

ನನಗೆ ಬರುವ ಇಂಥ ಪ್ರಶ್ನೆಗಳಲ್ಲಿ ಮೊದಲನೆಯ ಬಗೆಯೇ ಜಾಸ್ತಿ. ಅದಕ್ಕೆ ಕಾರಣ ಎರಡು. ಎಂಜಿನ್ ಮೌಂಟಿನ ಸ್ಕ್ರೂ ಸಡಿಲವಾಗಿ ಎಂಜಿನ್ ಒಂದು ಕೂದಲೆಳೆಯಷ್ಟು ಹಿಂದೆ ಸರಿದಿರುತ್ತದೆ. ಅಥವಾ ಕ್ಲಚ್ ಬೆಲ್ ಒಳಗಿನ ಎರಡು ಬೇರಿಂಗುಗಳಲ್ಲಿ ಒಂದು ಸತ್ತಿರುತ್ತದೆ. ಬೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ. ಶಾಫ್ಟಿನ ಉದ್ದಕ್ಕೆ ಚೂರು ಆಚೀಚೆ ಹೋದರೆ ಪರವಾಗಿಲ್ಲ. ಓರೆಯಾಗಿ ಅಲ್ಲಾಡಿದರೆ ಬೇರಿಂಗ್ ಮುಗಿದಿದೆ. ನಿಂತಾಗ ಗೇರ್ ಎಷ್ಟೇ ಚೆನ್ನಾಗಿ ಕೂಡಿಸಿದ್ದರೂ, ಥ್ರಾಟಲ್ ಒತ್ತಿದ ಕೂಡಲೇ ಬೆಲ್ ಓರೆಯಾಗಿ ಹಲ್ಲಿನಿಂದ ದೂರ ಸರಿಯುತ್ತದೆ. ಇಡೀ ಕ್ಲಚ್ಚಿನಲ್ಲಿ ಅತಿ ಹೆಚ್ಚು ಕಷ್ಟ ಪಡುವುದು ಈ ಎರಡು ಪುಟ್ಟ ಬೇರಿಂಗುಗಳೇ. ಶೂಗಳ ಬಿಸಿ, ಧೂಳು, ಎಂಜಿನ್ನಿನ ವೇಗ ಎಲ್ಲವೂ ಅವುಗಳ ಮೇಲೆಯೇ. ಹೆಚ್ಚಿನ ಟ್ರಕ್ಕುಗಳಲ್ಲಿ ಇವು 5×10×4 ಅಥವಾ 5×11×4 ಮಿಲಿಮೀಟರ್ ಅಳತೆಯವು. ಕೊಳ್ಳುವ ಮುಂಚೆ ಹಳೆಯದನ್ನು ಅಳೆದು ನೋಡಿ. ರಬ್ಬರ್ ಮುಚ್ಚಳದವು ಕ್ಲಚ್ಚಿನ ಬಿಸಿ ತಾಳುವುದಿಲ್ಲ, ಲೋಹದ ಮುಚ್ಚಳದವನ್ನೇ ತೆಗೆದುಕೊಳ್ಳಿ. ನಿಮ್ಮ ಮೊದಲ ಅಪ್‌ಗ್ರೇಡ್ ಇದೇ ಆಗಲಿ.

ಆಮೇಲೆ ಗೇರ್ ಕೂಡಿಸುವುದು. ನೋಟ್‌ಬುಕ್ಕಿನ ತೆಳು ಹಾಳೆಯಿಂದ ಒಂದು ಪಟ್ಟಿ ಹರಿದು ಪಿನಿಯನ್ ಮತ್ತು ಸ್ಪರ್ ನಡುವೆ ಹಾಕಿ. ಎಂಜಿನ್ನನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಗೇರ್ ತಿರುಗಿಸಿ ಪಟ್ಟಿಯನ್ನು ಹೊರಗೆ ತೆಗೆಯಿರಿ. ಅದು ಬೀಸಣಿಗೆಯಂತೆ ಮಡಿಕೆ ಮಡಿಕೆಯಾಗಿ ಬರಬೇಕು, ಹರಿದಿರಬಾರದು. ಇಷ್ಟು ಎಲ್ಲರೂ ಮಾಡುತ್ತಾರೆ. ಬಿಟ್ಟುಬಿಡುವುದು ಮುಂದಿನದನ್ನು. ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದು ಅಪರೂಪ. ಕಾಲು ಸುತ್ತಿಗೊಮ್ಮೆ ನಿಲ್ಲಿಸಿ ಬೆಲ್ಲನ್ನು ಬೆರಳಲ್ಲಿ ಹಿಂದೆ ಮುಂದೆ ಅಲ್ಲಾಡಿಸಿ. ನಾಲ್ಕೂ ಕಡೆ ಸಣ್ಣಗೆ 'ಟಿಕ್' ಅನ್ನಬೇಕು. ಒಂದು ಕಡೆ ಬಿಗಿಯಾಗಿ ಸದ್ದೇ ಬಾರದಿದ್ದರೆ ಆ ಬಿಗಿ ಜಾಗವನ್ನೇ ಲೆಕ್ಕಕ್ಕೆ ಹಿಡಿದು ಮತ್ತೆ ಕೂಡಿಸಿ.

ಬೆಲ್ಲಿನ ಹಲ್ಲನ್ನೂ ನೋಡಿ. ಒಂದು ಬದಿಗೆ ಕೊಕ್ಕೆಯಂತೆ ಬಾಗಿ ಚೂಪಾಗಿದ್ದರೆ ಅದು ಗೇರಲ್ಲ, ಅರ. ಅದರ ಎದುರು ಹೊಸ ಸ್ಪರ್ ಹಾಕಿದರೆ ನಾಲ್ಕನೆಯದೂ ಹೋಗುತ್ತದೆ. ಗಟ್ಟಿ ಸ್ಟೀಲಿನ ಬೆಲ್ಲಿಗೆ ಹಣ ಹಾಕುವುದು ದಂಡವಲ್ಲ.

ಈಗ ಸ್ಟೀಲ್ ಸ್ಪರ್ ವಿಷಯ. ಎಂಜಿನ್ನಿನ ಬಲ ಕ್ಲಚ್, ಸ್ಪರ್, ಗೇರ್‌ಬಾಕ್ಸ್, ಎಡ ಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ (ಡಿಫ್) ದಾಟಿ ಚಕ್ರ ಮುಟ್ಟುತ್ತದೆ. ಈ ಸಾಲಿನಲ್ಲಿ ಅತಿ ಮೆತ್ತಗಿರುವುದು ಮೊದಲು ಮುರಿಯುತ್ತದೆ. ಈಗ ಅದು ಸ್ಪರ್. ಬದಲಿಸಲು ನಾಲ್ಕು ಸ್ಕ್ರೂ, ಹದಿನೈದು ನಿಮಿಷ. ಅದನ್ನು ಸ್ಟೀಲ್ ಮಾಡಿದರೆ ಪೆಟ್ಟು ಮುಂದಕ್ಕೆ ಹೋಗುತ್ತದೆ. ಗೇರ್‌ಬಾಕ್ಸಿನ ಒಳಗೋ, ಡಿಫ್‌ನ ದೊಡ್ಡ ಕ್ರೌನ್ ಗೇರಿಗೋ. ಅದಕ್ಕೆ ಅರ್ಧ ಟ್ರಕ್ ಬಿಚ್ಚಬೇಕು, ಇಡೀ ಸಂಜೆ ಹೋಗುತ್ತದೆ. ಹಾಗಂತ ಸ್ಟೀಲ್ ಬೇಡವೇ ಬೇಡ ಅನ್ನುತ್ತಿಲ್ಲ. ನಿಜ ಗಾಡಿಯ ಎಂಟನೇ ಒಂದು (1/8) ಅಳತೆಯ ರೇಸ್ ಬಗ್ಗಿಗಳಲ್ಲಿ ಸ್ಟೀಲ್ ಸ್ಪರ್ ಮಾಮೂಲಿ. ಆದರೆ ಅವುಗಳ ಡಿಫ್, ಶಾಫ್ಟು ಎಲ್ಲ ಅದಕ್ಕೆ ತಕ್ಕಂತೆ ಗಟ್ಟಿಯಾಗಿರುತ್ತವೆ. ನಿಮ್ಮ ಟ್ರಕ್ಕಿನಲ್ಲಿ ಸ್ಲಿಪ್ಪರ್ ಕ್ಲಚ್ (ಪೆಟ್ಟು ಬಿದ್ದಾಗ ಬೇಕೆಂದೇ ಜಾರುವ ಕ್ಲಚ್) ಇದ್ದರೆ, ಸ್ಟೀಲ್ ಹಾಕಿದ ದಿನ ಅದನ್ನು ಸ್ವಲ್ಪ ಸಡಿಲ ಬಿಡಿ, ಪೆಟ್ಟನ್ನು ಅದು ನುಂಗಲಿ. ಸದ್ದು ಜಾಸ್ತಿಯಾಗುತ್ತದೆ, ಹೆದರಬೇಡಿ. ತೆರೆದ ಗೇರಿಗೆ ಗ್ರೀಸ್ ಮಾತ್ರ ಹಚ್ಚಬೇಡಿ. ಮರಳು ಅಂಟಿಕೊಂಡು ಉಪ್ಪುಕಾಗದದ ಕೆಲಸ ಮಾಡುತ್ತದೆ.

ಪ್ರಶ್ನೆ: ಎರಡು ಶೂ ಕ್ಲಚ್ ತೆಗೆದು ಮೂರು ಶೂ ಕ್ಲಚ್ ಹಾಕಿದೆ. ಈಗ ಐಡಲ್‌ನಲ್ಲೇ ಟ್ರಕ್ ಮುಂದೆ ಓಡುತ್ತದೆ. ಬ್ರೇಕ್ ಹಿಡಿದರೆ ಎಂಜಿನ್ ಆಫ್ ಆಗುತ್ತದೆ. ಗಟ್ಟಿ ಸ್ಪ್ರಿಂಗ್ ಹಾಕಬೇಕೇ?

ಉತ್ತರ: ಹಾಕಬೇಕಾಗಬಹುದು, ಆದರೆ ಕೊನೆಗೆ. ಮೊದಲು ಎಂಜಿನ್ ಆಫ್ ಇದ್ದಾಗ ಬೆಲ್ಲನ್ನು ಬೆರಳಲ್ಲಿ ತಟ್ಟಿ ತಿರುಗಿಸಿ. ಸಲೀಸಾಗಿ ಸುತ್ತಬೇಕು. ಸುತ್ತದಿದ್ದರೆ ಶಿಮ್ (ತೆಳು ವಾಷರ್) ಲೆಕ್ಕ ತಪ್ಪಿದೆ, ಬೆಲ್ಲು ಶೂಗಳನ್ನು ಹೊತ್ತ ಫ್ಲೈವೀಲಿಗೋ ಶೂಗಳಿಗೋ ಉಜ್ಜುತ್ತಿದೆ. ಬೇರಿಂಗ್ ಜಾಮ್ ಆಗಿದ್ದರೂ ಇದೇ ಲಕ್ಷಣ. ಸಲೀಸಾಗಿ ಸುತ್ತಿದರೆ ಐಡಲ್ ಇಳಿಸಿ ನೋಡಿ. ಎಂಜಿನ್ ಆರಿಹೋಗಬಾರದೆಂದು ಐಡಲ್ ಏರಿಸಿಕೊಂಡಿರುವವರೇ ಹೆಚ್ಚು. ತಪ್ಪು ಕಾರ್ಬ್ಯುರೇಟರಿನಲ್ಲಿ ಇಂಧನ ಹದ ಮಾಡುವ ನೀಡಲ್‌ನದ್ದು, ಬೈಗುಳ ಕ್ಲಚ್ಚಿಗೆ.

ಇಷ್ಟೆಲ್ಲ ಸರಿಯಿದ್ದೂ ಓಡುತ್ತಿದ್ದರೆ ಆಗ ಸ್ಪ್ರಿಂಗ್. ಫ್ಲೈವೀಲ್ ತಿರುಗಿದಾಗ ಶೂಗಳು ಹೊರಕ್ಕೆ ತೆರೆದುಕೊಂಡು ಬೆಲ್ಲನ್ನು ಹಿಡಿಯುತ್ತವೆ. ಸ್ಪ್ರಿಂಗ್ ಅವನ್ನು ಒಳಕ್ಕೆ ಎಳೆದು ಹಿಡಿದಿರುತ್ತದೆ. ತಂತಿಯ ದಪ್ಪ 0.9, 1.0, 1.1 ಮಿಲಿಮೀಟರ್ ಹೀಗೆ ಸಿಗುತ್ತವೆ. ಒಂದೇ ಹೆಜ್ಜೆ ಏರಿಸಿ. ತೀರಾ ಗಟ್ಟಿಯಾದರೆ ಎಂಜಿನ್ ಕಿರುಚಿದ ಮೇಲೆ ಕ್ಲಚ್ ಒಮ್ಮೆಲೇ ಹಿಡಿಯುತ್ತದೆ. ಹುಲ್ಲಿನ ನೆಲದಲ್ಲಿ ಆ ಜಗ್ಗು ಸೀದಾ ಡಿಫ್‌ಗೆ ಬೀಳುತ್ತದೆ.

ಶೂ ಹಾಕಿದ ದಿಕ್ಕನ್ನೂ ನೋಡಿ. ಫ್ಲೈವೀಲ್ ತಿರುಗುವ ಕಡೆಗೆ ಶೂವಿನ ಬಿಡಿ ತುದಿ ಇದ್ದರೆ ಹಿಡಿದ ಕೂಡಲೇ ತನ್ನಷ್ಟಕ್ಕೆ ಇನ್ನೂ ಬಿಗಿಯಾಗುತ್ತದೆ, ಜೋರಾಗಿ ಕಚ್ಚುತ್ತದೆ. ಪಿನ್ ಇರುವ ತುದಿ ಮುಂದಿದ್ದರೆ ಮೆತ್ತಗೆ ಹಿಡಿಯುತ್ತದೆ. ಮೂರರಲ್ಲಿ ಒಂದು ಉಲ್ಟಾ ಆದರೆ ಕ್ಲಚ್ ಗಡಗಡ ನಡುಗುತ್ತದೆ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ.

ಇನ್ನೊಂದು. ಈ ಸ್ಪ್ರಿಂಗುಗಳು ಹಾರುತ್ತವೆ. ನಾನೊಮ್ಮೆ ಒಂದು ಸ್ಪ್ರಿಂಗಿಗಾಗಿ ಮಧ್ಯಾಹ್ನವಿಡೀ ನೆಲ ಗುಡಿಸಿದ್ದೇನೆ, ಕೊನೆಗೆ ಅದು ನನ್ನ ಅಂಗಿಯ ಮಡಿಕೆಯಲ್ಲಿ ಸಿಕ್ಕಿತು. ಅಂದಿನಿಂದ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈ ಹಾಕಿಯೇ ಈ ಕೆಲಸ. ಫ್ಲೈವೀಲ್ ನಟ್ ಬಿಚ್ಚುವಾಗ ಎಂಜಿನ್ ತಿರುಗದಿರಲಿ ಎಂದು ಎಕ್ಸಾಸ್ಟ್ ತೂತಿಗೆ ಸ್ಕ್ರೂಡ್ರೈವರ್ ತುರುಕುವವರಿದ್ದಾರೆ. ದಯವಿಟ್ಟು ಬೇಡ. ಪಿಸ್ಟನ್ ಗೀಚಿದರೆ ಎಂಜಿನ್ನೇ ಹೋಯಿತು. ಫ್ಲೈವೀಲನ್ನೇ ಹಿಡಿಯುವ ಉಪಕರಣ ಸಿಗುತ್ತದೆ.

ಪ್ರಶ್ನೆ: ಅಲ್ಯೂಮಿನಿಯಂ ಶೂ ಒಳ್ಳೆಯದೋ, ಕಾಂಪೊಸಿಟ್ ಶೂ ಒಳ್ಳೆಯದೋ?

ಉತ್ತರ: ಹೊಸಬರಿಗೆ ಕಾಂಪೊಸಿಟ್, ಅಂದರೆ ಪ್ಲಾಸ್ಟಿಕ್ಕಿನಂಥ ಮಿಶ್ರ ವಸ್ತುವಿನದು. ಮೆತ್ತಗೆ ಹಿಡಿಯುತ್ತದೆ, ಬೇಗ ಸವೆಯುತ್ತದೆ, ಬೆಲ್ಲಿಗೆ ತೊಂದರೆ ಕೊಡುವುದಿಲ್ಲ. ಅಲ್ಯೂಮಿನಿಯಂ ಹೆಚ್ಚು ದಿನ ಬಾಳುತ್ತದೆ, ಗಟ್ಟಿಯಾಗಿ ಕಚ್ಚುತ್ತದೆ, ಆದರೆ ಬೆಲ್ಲಿನ ಒಳಗೋಡೆಯನ್ನು ಸವೆಸುತ್ತದೆ. ಯಾವುದೇ ಹಾಕಿ, ಎಣ್ಣೆ ತಾಗಿದರೆ ಎರಡೂ ಜಾರುತ್ತವೆ. ಬಿಚ್ಚಿದಾಗಲೆಲ್ಲ ಶೂ ಒದ್ದೆಯಾಗಿ ಹೊಳೆಯುತ್ತಿದ್ದರೆ ಎಂಜಿನ್ನಿನ ಮುಂದಿನ ಬೇರಿಂಗಿನಿಂದ ಇಂಧನ ಸೋರುತ್ತಿದೆ. ಶೂ ಬದಲಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ವೇಗ ಬೇಕು. ಈಗ ಬೆಲ್ 14 ಹಲ್ಲು, ಸ್ಪರ್ 46 ಹಲ್ಲು. ಬೆಲ್ಲಿಗೆ ಎರಡು ಹಲ್ಲು ಏರಿಸಿದರೆ ಸಾಕೇ? ಬೇರೆ ಕಂಪನಿಯ ಗೇರ್ ಕೂಡುತ್ತದೆಯೇ?

ಉತ್ತರ: ಸ್ಪರ್ ಹಲ್ಲನ್ನು ಬೆಲ್ ಹಲ್ಲಿನಿಂದ ಭಾಗಿಸಿ. ಈಗ ನಿಮ್ಮದು 3.29. 15 ಹಲ್ಲಿಗೆ 3.07, 16 ಹಲ್ಲಿಗೆ 2.88. ಒಂದು ಹಲ್ಲು ಏರಿಸಿದರೆ ಲೆಕ್ಕದಲ್ಲಿ ವೇಗ ಶೇಕಡಾ 7ರಷ್ಟು ಏರುತ್ತದೆ. ಎರಡಕ್ಕೆ ಶೇಕಡಾ 14. ಆದರೆ ಹೆಚ್ಚುಕಡಿಮೆ ಅಷ್ಟೇ ಎಳೆತ ಕಡಿಮೆಯಾಗುತ್ತದೆ. ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಜಾಸ್ತಿ ಹೊತ್ತು ಜಾರುತ್ತದೆ, ಎರಡೂ ಬಿಸಿಯಾಗುತ್ತವೆ. ಒಂದೇ ಹಲ್ಲು ಏರಿಸಿ, ಐದು ನಿಮಿಷ ಓಡಿಸಿ, ಸಿಲಿಂಡರ್ ಹೆಡ್ಡಿನ ಮೇಲೆ ಒಂದು ಹನಿ ನೀರು ಬಿಡಿ. ಮೂರ್ನಾಲ್ಕು ಸೆಕೆಂಡ್ ಕುದಿದು ಆರಿದರೆ ಸರಿ. ಬಿದ್ದ ಕೂಡಲೇ ಚುರ್ ಎಂದು ಮಾಯವಾದರೆ ಹಳೆಯ ಬೆಲ್ಲಿಗೇ ವಾಪಸ್ಸಾಗಿ. ಎತ್ತರದ ಹುಲ್ಲು, ಮರಳು ಇರುವ ಕಡೆ ಓಡಿಸುವವರಿಗೆ ನಾನು 13 ಹಲ್ಲೇ ಹೇಳುವುದು.

ಬೆಲ್ ಬದಲಿಸಿದ ಮೇಲೆ ಎಂಜಿನ್ ಜಾಗವೂ ಬದಲಾಗುತ್ತದೆ. ಮಾಡ್ಯೂಲ್ ಅಂದರೆ ಹಲ್ಲಿನ ಗಾತ್ರದ ಅಳತೆ, ಮಿಲಿಮೀಟರಿನಲ್ಲಿ. ಮಾಡ್ಯೂಲ್ 1 ಗೇರಿನಲ್ಲಿ ಎರಡು ಗೇರುಗಳ ನಡುವಿನ ಅಂತರ ಹಲ್ಲುಗಳ ಮೊತ್ತದ ಅರ್ಧ. 46 ಮತ್ತು 14 ಅಂದರೆ 30 ಮಿಲಿಮೀಟರ್. ಒಂದು ಹಲ್ಲಿಗೆ ಅರ್ಧ ಮಿಲಿಮೀಟರ್ ಸರಿಸಬೇಕು. ಮೌಂಟಿನ ತೂತಿನಲ್ಲಿ ಅಷ್ಟು ಜಾಗ ಇದೆಯೇ, ಬೆಲ್ ಕೊಳ್ಳುವ ಮುಂಚೆಯೇ ನೋಡಿ.

ಕಂಪನಿ ಯಾವುದಾದರೂ ಆಗಬಹುದು, ಹಲ್ಲಿನ ಅಳತೆ ಒಂದೇ ಇರಬೇಕು, ಬೆಲ್ಲಿನ ಒಳಗಿನ ಬೇರಿಂಗ್ ಮತ್ತು ಶೂ ಅಳತೆಯೂ ಹೊಂದಬೇಕು. ಪಿಚ್ ಅನ್ನುವುದು ಇಂಚಿನ ಲೆಕ್ಕದ ಹಲ್ಲಿನ ಅಳತೆ. 32 ಪಿಚ್ ಎಂದರೆ 25.4ನ್ನು 32ರಿಂದ ಭಾಗಿಸಿ 0.79 ಮಾಡ್ಯೂಲ್. 0.8 ಮಾಡ್ಯೂಲಿಗೆ ಅದು ಕೂಡಿದಂತೆ ಕಾಣುತ್ತದೆ, ಓಡುತ್ತದೆ ಕೂಡ. ಮಾಡ್ಯೂಲ್ 1ರ ಜೊತೆ ಮಾತ್ರ ಬೆರೆಸಲೇಬೇಡಿ. ಕೈಯಲ್ಲಿ ತಿರುಗಿಸಿದಾಗ ಒಂದೆರಡು ಹಲ್ಲು ಕೂಡಿ ಮೂರನೆಯದಕ್ಕೆ ಜಗ್ಗಿ ನಿಂತರೆ, ಅದೇ ಆಗಿದೆ ಎಂದು ತಿಳಿಯಿರಿ.

ಪ್ರಶ್ನೆ: ಥ್ರೆಡ್‌ಲಾಕ್ ಎಲ್ಲೆಲ್ಲಿ ಹಾಕಬೇಕು?

ಉತ್ತರ: ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಈ ಅಂಟು ಲೋಹಕ್ಕೆ ಲೋಹ ಕೂಡುವ ಕಡೆ ಬೇಕು, ನೀಲಿ ಬಣ್ಣದ್ದು, ಒಂದೇ ಹನಿ. ಎಂಜಿನ್ ಮೌಂಟಿನ ಸ್ಕ್ರೂಗಳಿಗೂ, ಬೆಲ್ಲಿನ ತುದಿಯ ಸ್ಕ್ರೂವಿಗೂ ತಪ್ಪದೆ ಹಾಕಿ. ಬೆಲ್ಲಿನ ಸ್ಕ್ರೂಗೆ ಹಾಕುವಾಗ ಹನಿ ಬೇರಿಂಗಿಗೆ ಇಳಿಯದಂತೆ ನೋಡಿಕೊಳ್ಳಿ. ಪ್ಲಾಸ್ಟಿಕ್ಕಿಗೆ ಇಳಿಯುವ ಸ್ಕ್ರೂಗೆ ಬೇಡ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತವೆ.